ಐದನೇ ಜ್ವರ

ಹುಳುವಿಗೆ ನಾಲ್ಕೇ ಜ್ವರ.
ನಾಲ್ಕನೆಯದರಿಂದ ಎದ್ದರೆ ಮನೆಯೆಲ್ಲ ಸೊಪ್ಪು ಕಡಿಯುವ ಸದ್ದು,
ಆಮೇಲೆ ಚಂದ್ರಿಕೆ, ಗೂಡು,
ಶಿಡ್ಲಘಟ್ಟದ ಮಾರ್ಕೆಟ್ಟು.
ನನ್ನ ಪಾಲಿಗೆ ಉಳಿಯುವುದು
ಹಿಕ್ಕೆ, ಮೇದುಳಿದ ಸೊಪ್ಪು, ಬೆರಳು ದಪ್ಪದ ಕಡ್ಡಿ.

ಈ ಸಲ ಇನಾಯತ್ ಸಾಬರ ರೀಲಿಂಗ್ ಮನೆಯಿಂದ
ಎರಡು ಮೂಟೆ ಬೆಂದ ಹುಳವೂ ಬಂತು,
ಕೋಳಿಯವರು ಬೇಡವೆಂದದ್ದು.
"ಪುಕ್ಕಟೆ ತಗೊಳಮ್ಮ, ಬಂಗಾರದಂಥ ಗೊಬ್ಬರ."

ಬಂಗಾರ ಮೂರನೇ ದಿನಕ್ಕೆ ನಾರಿತು.
ನಾತಕ್ಕೆ ಮುಚ್ಚಳವೇ ಮದ್ದೆಂದು
ನೀಲಿ ಟಾರ್ಪಾಲು ಎಳೆದೆ, ಅಂಚಿಗೆ ಕಲ್ಲು ಹೇರಿದೆ,
ಸಂದಿಗೆಲ್ಲ ಸಗಣಿ ಮೆತ್ತಿದೆ.
ಐದನೇ ದಿನ ಮೇಲೂರಿನ ಬಸ್ಸು
ನಮ್ಮ ಮನೆಯ ಮುಂದೆ ನಿಲ್ಲಲಿಲ್ಲ,
ಅಷ್ಟು ದೂರ ಹೋಗಿ ನಿಂತಿತು.

ಮುನಿವೆಂಕಟಮ್ಮ ಬಂದಳು, ಮೂಗಿಗೆ ಸೆರಗಿಲ್ಲದೆ.
ಮೂಲೆ ಎತ್ತಿ ಇಣುಕಿದಳು.
"ತಿಪ್ಪೆನ ಬಾಣಂತಿ ಮಾಡಿಕ್ಕಿದ್ದೀಯಲ್ಲೇ!
ಉಸಿರು ಕಟ್ಟಿದ್ದು ನಾರ್ದೆ ಇನ್ನೇನ್ ಮಾಡ್ತದೆ?"

ಬಾಣಂತಿ ಕೋಣೆ ನನಗೆ ಗೊತ್ತು.
ಕಿಟಕಿಗೆ ಗೋಣಿ, ಕಿವಿಗೆ ಹತ್ತಿ, ಮಂಚದಡಿ ಕೆಂಡ,
ನಲವತ್ತು ದಿನ.
ಎಲ್ಲರೂ ಮಲಗಿದ ಮೇಲೆ ನೆಲಕ್ಕಿಳಿದು
ಬಾಗಿಲಡಿಯ ಸಂದಿಗೆ ಮೂಗಿಡುತ್ತಿದ್ದೆ.
ಅಲ್ಲೊಂದು ಗೆರೆಯಷ್ಟು ತಂಪಿತ್ತು.
ಇದನ್ನು ಅವಳಿಗೆ ಹೇಳಲಿಲ್ಲ.

ಎಲ್ಲ ಬಗೆದು ಹರವಿದೆವು.
ಅಟ್ಟದಿಂದ ಹಳೇ ಬಿದಿರ ಚಂದ್ರಿಕೆ ಇಳಿದವು,
ಪ್ಲಾಸ್ಟಿಕ್ಕಿನವು ಬಂದ ಮೇಲೆ ಇಲಿಗಳಿಗೆ ಬಿಟ್ಟಿದ್ದವು.
ಕಲ್ಲಿನ ಮೇಲೆ, ನೆಲ ಮುಟ್ಟದಂತೆ, ನಾಲ್ಕನ್ನು ಹಾಸಿ
ಮೇಲೆ ಕಡ್ಡಿ ಜೋಡಿಸುತ್ತಿದ್ದೆ. ಕೈಗೆ ಹೊಡೆದಳು.
"ಒಪ್ಪ ಓರಣ ಬೇಡ. ಅಡ್ಡಾದಿಡ್ಡಿ ಎಸೆ.
ಓರಣದಾಗೆ ಗಾಳಿ ನುಗ್ಗಾಕಿಲ್ಲ."
ಆಮೇಲೆ ರಾಗಿಹುಲ್ಲು, ಹಿಕ್ಕೆ,
ಬೆಂದ ಹುಳ, ಉಪ್ಪಿನಷ್ಟೇ ತೆಳ್ಳಗೆ, ಮತ್ತೆ ಕಡ್ಡಿ.
ನಡುಮಧ್ಯೆ ಒಡೆದ ಪೈಪಿನ ಒಂದಾಳು ತುಂಡು,
ಕಾದ ಮೊಳೆಯಿಂದ ಮೈತುಂಬ ತೂತು.

ನಾಲ್ಕನೇ ಬೆಳಗು.
ಮಾಗಿಯ ಚಳಿ. ಎಲೆ ಅಲ್ಲಾಡುತ್ತಿಲ್ಲ.
ನಂದಿಬೆಟ್ಟ ಮಂಜಿನಲ್ಲಿ ಎಲ್ಲೋ ಇದೆ.
ನಮ್ಮ ಕರಿನಾಯಿ ತಿಪ್ಪೆಗೆ ಬೆನ್ನು ಕೊಟ್ಟು ಮಲಗಿದೆ,
ಪೈಪಿನ ಬಾಯಲ್ಲಿ ಬಿಳಿ ಹಬೆ.
ಒಳಗೆ ಕೈಯಿಟ್ಟೆ, ತಟ್ಟನೆ ತೆಗೆದೆ.
ಜ್ವರ.

"ಯಾರೇ ಊದ್ತಾ ಇರೋದು?" ಅಂದೆ.
ಮುನಿವೆಂಕಟಮ್ಮ ಉತ್ತರ ಕೊಡದೆ
ಬೀಡಿ ಹಚ್ಚಿ, ಕುಕ್ಕರಗಾಲಲ್ಲಿ ಕೂತು,
ತಿಪ್ಪೆಯ ಬುಡಕ್ಕೆ ಹಿಡಿದಳು.
ಹೊಗೆ ಒಂದು ಗಳಿಗೆ ನಿಂತಲ್ಲೇ ಸುತ್ತಿತು,
ವಿಳಾಸ ಕೇಳುವವರ ಹಾಗೆ.
ಆಮೇಲೆ ಬಗ್ಗಿ
ಚಂದ್ರಿಕೆಯ ಕೆಳಗಿಂದ ಒಳಗೆ ಹೋಯಿತು.

ಬಿಸಿ ಮೇಲೇರಿ ಖಾಲಿಯಾದ ಜಾಗಕ್ಕೆ
ತಂಪು ತಾನಾಗಿ ಬರುತ್ತದಂತೆ.
ತಳ್ಳುವವರು ಬೇಡ. ತಡೆಯದಿದ್ದರೆ ಸಾಕು.

ನಾನು ಕಲ್ಲು ಹತ್ತಿ ಪೈಪಿಗೆ ಮೂಗಿಟ್ಟೆ,
ಅವಳ ಬೀಡಿ ಮೇಲೆ ಬಂದೀತೆಂದು ಕಾದೆ.
ಬರಲಿಲ್ಲ. ಬಂದದ್ದು
ಒಲೆಯ ಮೇಲೆ ಮರೆತ ಹುರುಳಿಯಂಥ ಒಂದು ವಾಸನೆ,
ಮುಖಕ್ಕೆ, ಕಣ್ಣಿಗೆ,
ಕಿವಿಯ ಹಿಂದೆ.