ಕೇಸ್ ಶೀಟು

ಫಹಾಹೀಲಿನ ನಾಲ್ಕನೇ ಮಹಡಿ,
ನಲ್ಲಿಯ ತಣ್ಣೀರೇ ಕೈ ಸುಡುವ ಜುಲೈ.
ನೈಟ್ ಡ್ಯೂಟಿ ಮುಗಿಸಿ ಶೂ ಬಿಚ್ಚುವಷ್ಟರಲ್ಲಿ
ಅಲ್ಡ್ರಿನ್ ಬಾಗಿಲಲ್ಲಿ:
"ಮಮ್ಮಿ, ಮೂರನೆಯದ್ದೂ ಹೋಯ್ತು."

ಹೋಯ್ತು ಅನ್ನುವ ಮಾತನ್ನು
ದಿನಾ ಕೇಳುವವಳು ನಾನು, ಕೆಲವೊಮ್ಮೆ ಹೇಳುವವಳು.
ಒಂದು ಗ್ರಾಫಿಕ್ಸ್ ಕಾರ್ಡಿಗೆ
ಇಷ್ಟು ಸಣ್ಣ ದನಿ ಬೇಕೇ ಅನಿಸಿತು.

ಮೊದಲನೆಯದು ತಪಸ್ಸಿನ ಕಾಲದಲ್ಲಿ.
ಪರದೆ ತುಂಬ ಹಸಿರು ಚೌಕ, ಆಮೇಲೆ ಕಪ್ಪು.
ಎರಡನೆಯದು ಪರೀಕ್ಷೆ ಮುಗಿದ ರಾತ್ರಿ,
ಫ್ಯಾನುಗಳು ವಿಮಾನ ಏರುವಂತೆ ಕೂಗಿ, ಕಪ್ಪು.
ಹವಲ್ಲಿಯ ಅಂಗಡಿಯ ಹಮ್ದಿ ಎರಡು ಸಲ ಬದಲಿಸಿ ಕೊಟ್ಟ.
ಎರಡನೇ ಸಲ ಕಾರ್ಡು ನೋಡಲಿಲ್ಲ, ಹುಡುಗನ ಮುಖ ನೋಡಿದ:
"ಹಬೀಬಿ, ಇದಕ್ಕೆ ತಿನ್ನಲಿಕ್ಕೆ ಏನು ಕೊಡ್ತೀ ನೀನು?"
ನಾವು ನಕ್ಕೆವು.

ಡ್ರೈವರ್ ಅಳಿಸಿ ಮತ್ತೆ ಹಾಕಿದ.
ಧೂಳು ಊದಿದ. ಇಲ್ಲಿನ ಧೂಳು ಗೊತ್ತಲ್ಲ,
ಮುಚ್ಚಿದ ಕಿಟಕಿಗೂ ಅದರ ಬಳಿ ಕೀಲಿಕೈ.
ಪೆಟ್ಟಿಗೆಯ ಬದಿ ಬಿಚ್ಚಿ ಎ.ಸಿ.ಯ ಎದುರು ಇಟ್ಟ;
ನಾವಿಬ್ಬರೂ ಬೆವರಿದೆವು, ಅದು ತಣ್ಣಗಿತ್ತು.
ರಿಗ್ಗಿನಿಂದ ಅವನಪ್ಪನ ಫೋನು:
"ಆಟ ಬಿಟ್ಟರೆ ಎಲ್ಲ ಸರಿಯಾಗ್ತದೆ ಮಾರಾಯ."

ವಾರ್ಡಿನ ಹಳೇ ಶೀಟೊಂದನ್ನು ಮಗುಚಿ ಗೆರೆ ಎಳೆದೆ.
ಗಂಟೆ. ಶಾಖ. ಬೀಳುವ ಮುಂಚೆ ಏನು ಮಾಡುತ್ತಿತ್ತು.
ಎಬ್ಬಿಸಿದರೆ ಏಳುತ್ತಿತ್ತು.
ಜ್ವರವಿಲ್ಲ, ಅರುವತ್ತೆಂಟು, ಎಪ್ಪತ್ತು.
ಬೀಳುವುದು ಓಡುವಾಗ ಮಾತ್ರ,
ಶತ್ರುಗಳೆಲ್ಲ ಒಮ್ಮೆಲೇ ಗುಡ್ಡ ಇಳಿಯುವಾಗ.

ಶುಕ್ರವಾರ ಕಾರ್ಡನ್ನು ಟವೆಲಿನಲ್ಲಿ ಸುತ್ತಿ
ಮಂಗಾಫಿನ ಗೆಳೆಯನ ಮನೆಗೆ ಒಯ್ದ.
ಅಲ್ಲಿ ಅದು ಬೆಳಗಿನ ತನಕ ಓಡಿತು, ಒಮ್ಮೆಯೂ ಎಡವದೆ.

ಬಂದವನೇ ಪೆಟ್ಟಿಗೆಯ ತಳಕ್ಕೆ ಕೈ ಹಾಕಿದ.
ಪವರ್ ಸಪ್ಲೈ. ಮೊದಲ ದಿನದಿಂದ ಇದ್ದದ್ದು,
ಯಾರೂ ನಾಡಿ ಹಿಡಿಯದೆ ಬಿಟ್ಟದ್ದು.
ಒಂದೇ ವಯರು, ತುದಿಗೆ ಎರಡು ಬಾಯಿ.
ಕೆಳಗಿನ ಮನೆಯ ಮೆಕ್ಯಾನಿಕ್ಕಿನ ಮೀಟರು ಚುಚ್ಚಿ ಆಟ ಹಚ್ಚಿದರೆ
ಹನ್ನೆರಡು ಇರಬೇಕಾದಲ್ಲಿ ಹನ್ನೊಂದೂ ಇಲ್ಲ.
ಹಮ್ದಿಯ ತಮಾಷೆ ಅರ್ಥವಾಗಲು
ನಾಲ್ಕು ತಿಂಗಳು ಹಿಡಿಯಿತು.

"ಹಾಗಾದರೆ ಮೊದಲಿನೆರಡು?" ಅಂದ.
"ಸತ್ತಿವೆ ಅಂತ ಕೊಟ್ಟು ಬಂದೆವಲ್ಲ?"
ನಾನು ಯೂನಿಫಾರ್ಮು ಒಗೆಯಲು ಹಾಕಿದೆ.

ಹೊಸ ಸಪ್ಲೈ ಬಂದು ಮೂರು ರಾತ್ರಿ.
ಬಾಯಿಗೊಂದು ವಯರು.
"ವಾಸಿಯಾಯ್ತಾ?"
"ಇನ್ನೂ ಅಬ್ಸರ್ವೇಶನ್" ಅಂದಿದ್ದೆ.
ಈ ಬೆಳಿಗ್ಗೆ ಬಂದರೆ ಕುರ್ಚಿಯಲ್ಲೇ ನಿದ್ದೆ,
ಹೆಡ್‌ಫೋನು ಕುತ್ತಿಗೆಯಲ್ಲಿ.
ಪರದೆಯಲ್ಲೊಬ್ಬ ಸೈನಿಕ ಎಲ್ಲಿಗೂ ಹೋಗದೆ ನಿಂತು
ಸುಮ್ಮನೆ ಉಸಿರಾಡುತ್ತಿದ್ದಾನೆ.

ಕೈಯ ಹಿಂಬದಿಯನ್ನು ಪೆಟ್ಟಿಗೆಗೆ ತಾಗಿಸಿ ನೋಡಿದೆ,
ಆಮೇಲೆ ಹುಡುಗನ ಹಣೆಗೆ.
ಶೀಟಿನಲ್ಲಿ ಗಂಟೆ ಬರೆದೆ.