ಹುಲ್ಲಿನ ಮೇಲೊಂದು ಕೊಳ

ಡ್ಯಾರಿಲ್ ಹೇಳಿ ಹೋದ: ಅಗೆಯುವ ಮೊದಲು
ಗಿಡಕ್ಕೆ ನೀರು ಬಿಡುವ ಪೈಪನ್ನು ಹಿತ್ತಲ ಹುಲ್ಲಿನ ಮೇಲೆ
ಕೊಳದ ಆಕಾರಕ್ಕೆ ಹಾಸಿಡಿ. ಒಂದು ವಾರ ಇರಲಿ.
ಬಿಸಿಲು ಎಲ್ಲಿಯವರೆಗೆ, ಎಲೆ ಉದುರುವುದು ಎಲ್ಲಿ,
ಒಲೆಯ ಮುಂದೆ ನಿಂತರೆ ಆ ತುದಿ ಕಾಣುತ್ತದೆಯೇ,
ನೋಡಿ. ಆಮೇಲೆ ಫೋನ್ ಮಾಡಿ.

ಹಾಸಿದೆವು. ಎಂಟು ಮೀಟರು ಉದ್ದ, ನಾಲ್ಕು ಅಗಲ,
ಒಂದು ಮಗ್ಗುಲಲ್ಲಿ ಗೋಡಂಬಿಯ ಬಾಗು.
ಹಳೆಯ ಹಸಿರು ಪೈಪು, ಸೋರುವಲ್ಲಿ ಟೇಪು ಸುತ್ತಿದ್ದು.

ಮೊದಲು ಮಣ್ಣು.
ಕೊರೆದು ತೆಗೆದ ಹೆಂಟೆಯನ್ನು ಅಂಗೈಯಲ್ಲಿ ಹಿಸುಕಿ
ಮಾಡ್‌ಬರಿಯ ಈ ಕಡೆಯೆಲ್ಲ ಹೀಗೇ, ಹಟಮಾರಿ ಮಣ್ಣು, ಅಂದಿದ್ದ ಅವನು.
ನನಗೆ ನಗು ಬಂತು. ಅದು ಎರೆ.
ಗದಗಿನವಳಿಗೆ ಎರೆಯ ಪರಿಚಯ ಮಾಡಿಸುತ್ತಿದ್ದಾನೆ!
ಬ್ಯಾಸಿಗೆಗೆ ಮೊಣಕೈಯವರೆಗೆ ಇಳಿಯುವಷ್ಟು ಬಿರಿದು
ನಾಲ್ಕು ಹನಿ ಬಿದ್ದರೆ ಉಬ್ಬಿ
ಪಕ್ಕದಲ್ಲಿ ಏನಿದ್ದರೂ ಹೆಗಲು ಕೊಟ್ಟು ನೂಕುವ ಮಣ್ಣು.
ಕಾಂಕ್ರೀಟು ಸೀಳದಿರಲು ಕಬ್ಬಿಣ ಹೆಚ್ಚು ಬೇಕು.
ಶಿವಪುತ್ರ ಲೆಕ್ಕದ ಹಾಳೆಯಲ್ಲಿ ಒಂದು ಸಾಲು ಹೊಡೆದು
ಇನ್ನೊಂದು ಬರೆದ. ಪೆನ್ಸಿಲಿನಲ್ಲಿ.

ಆಮೇಲೆ ಬೇಲಿ.
ಎದೆಮಟ್ಟ ಎತ್ತರ, ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಗೇಟು,
ಹತ್ತಲು ಕಾಲು ಕೊಡುವ ಕುಂಡ, ಕುರ್ಚಿ, ಕೊಂಬೆ ಹತ್ತಿರ ಇರಕೂಡದು.
ಅಂದರೆ ನಿಂಬೆ ಗಿಡ ಹೋಗಬೇಕು.
ಮಕ್ಕಳು ಕೂಗುವುದಿಲ್ಲ, ಅಂದ ಡ್ಯಾರಿಲ್, ಅಳತೆ ಪಟ್ಟಿ ಸುತ್ತುತ್ತ,
ಸದ್ದಿಲ್ಲದೆ ಹೋಗಿಬಿಡುತ್ತಾರೆ. ಬೇಲಿ ಅದಕ್ಕೇ.
ಚಹಾಕ್ಕೆ ಎರಡು ಚಮಚ ಸಕ್ಕರೆ ಕೇಳಿದ.

ಪಕ್ಕದ ಮನೆಯ ಅಸುಂತಾ ಪೈಪು ನೋಡಿದವಳೇ ನಕ್ಕಳು.
ಇಪ್ಪತ್ತೆರಡು ವರ್ಷ ಕ್ಲೋರಿನ್ನು ಹಾಕಿದೆ,
ಎಲೆ ಎತ್ತಿದೆ, ಪಂಪಿನ ಗೊರಕೆಯ ಜೊತೆ ಮಲಗಿದೆ.
ಮಕ್ಕಳು ಈಜಿದ್ದು ಆರೇ ಬೇಸಿಗೆ.
ಈಗ ಮಣ್ಣು ತುಂಬಿಸಿ ಟೊಮೆಟೊ ಹಾಕಿದ್ದೇನೆ,
ಆಳದ ತುದಿಯಲ್ಲಿ ಚೆನ್ನಾಗಿ ಬರುತ್ತದೆ.
ಚೀಲದ ತುಂಬ ಕೊಟ್ಟಳು. ಗೊಜ್ಜು ಮಾಡುವ ಮುನ್ನ
ಒಂದನ್ನು ಮೂಸಿ ನೋಡಿದೆ, ಸುಮ್ಮನೆ.

ಮಣ್ಣು, ಬೇಲಿ, ಕರೆಂಟಿನ ಬಿಲ್ಲು,
ಫೆಬ್ರುವರಿಯ ಬಿಸಿಲಿಗೆ ದಿನಕ್ಕೆಷ್ಟು ಬೆರಳು ನೀರು ಆರುತ್ತದೆ,
ಎಲ್ಲ ಕೇಳಿದರು. ಯಾರೂ ಕೇಳಲಿಲ್ಲ
ನಿನಗೆ ಈಜು ಬರುತ್ತದೇನು ಅಂತ.

ಊರ ಬಾವಿಯಲ್ಲಿ ಹುಡುಗರು ಬೆನ್ನಿಗೆ ಬೆಂಡು ಕಟ್ಟಿ ಧುಮುಕುವಾಗ
ನಾನು ಮೇಲಿನ ಮೆಟ್ಟಿಲಲ್ಲಿ ಅವರ ಅಂಗಿ ಕಾಯುತ್ತಿದ್ದೆ.
ಏಳು ಅಂಗಿ, ಒಂದು ಕೈಗಡಿಯಾರ.
ಗುಂಡಿ ಹರಿದದ್ದು ಯಾರದು ಎಂದು ಇವತ್ತಿಗೂ ಹೇಳಬಲ್ಲೆ.
ನೀರು ಹೇಗಿತ್ತು, ಗೊತ್ತಿಲ್ಲ.

ಮಂಗಳವಾರ ಕೌನ್ಸಿಲ್ಲಿನ ಈಜುಕೊಳಕ್ಕೆ ಹೋಗಿ
ದೊಡ್ಡವರ ತರಗತಿಗೆ ಹೆಸರು ಬರೆಸಿದೆ.
ನಲವತ್ತಾರನೆಯ ವರ್ಷದಲ್ಲಿ ಮೊದಲ ಪಾಠ:
ಕಂಬಿ ಹಿಡಿದು ಮುಖ ಅದ್ದಿ, ಮೂಗಿನಿಂದ ಗುಳ್ಳೆ ಬಿಡುವುದು.
ಬಿಟ್ಟೆ.
ಪಕ್ಕದ ಕಂಬಿಯಲ್ಲಿ ಒಬ್ಬ ಅಜ್ಜ, ನನಗಿಂತ ಚೆನ್ನಾಗಿ ಬಿಟ್ಟ.

ವಾರ ಮುಗಿಯುವ ಹೊತ್ತಿಗೆ ನೋಡಿದರೆ
ಯಾರೂ ಪೈಪು ದಾಟುತ್ತಿಲ್ಲ.
ಬಟ್ಟೆ ಒಣಹಾಕಲು ಹೋಗುವ ನಿಹಾರಿ ಸುತ್ತು ಬಳಸಿ ಹೋಗುತ್ತಾಳೆ.
ಶಿವಪುತ್ರ ಅಂಚಿನಲ್ಲಿ ನಿಂತು ಹಲ್ಲುಜ್ಜುತ್ತಾನೆ.
ಮ್ಯಾಗ್‌ಪೈ ಹಕ್ಕಿ ಮಾತ್ರ ನಡುವೆ ನಡೆದು
ತಳದಿಂದ ಹುಳು ಎಳೆಯುತ್ತದೆ.

ರಾತ್ರಿ ಪ್ಲಾಸ್ಟಿಕ್ ಕುರ್ಚಿ ಒಯ್ದು ಒಳಗೆ ಹಾಕಿದೆ.
ನಕ್ಷೆಯ ಪ್ರಕಾರ ನಾನೀಗ ನೀರಿನ ಮೇಲೆ ಕೂತಿದ್ದೇನೆ,
ಕಾಲಡಿಗೆ ಒಂದೂವರೆ ಮೀಟರು ಆಳ.
ಚಪ್ಪಲಿ ಬಿಟ್ಟೆ. ಇಬ್ಬನಿ ತಣ್ಣಗಿತ್ತು.

ಭಾನುವಾರ ಕರಿಬೇವು ಬಾಡಿತೆಂದು
ಶಿವಪುತ್ರ ಪೈಪಿನ ಒಂದು ತುದಿ ಹಿಡಿದು ಎಳೆದ.
ಕೊಳ ಬಿಚ್ಚಿಕೊಂಡಿತು.
ಪೈಪು ಮಲಗಿದ್ದಲ್ಲಿ ಹುಲ್ಲು ಬೆಳ್ಳಗೆ ಸಣ್ಣ ಗೆರೆಯಾಗಿತ್ತು.

ಡ್ಯಾರಿಲ್‌ಗೆ ಇನ್ನೂ ಫೋನ್ ಮಾಡಿಲ್ಲ.
ನಿಹಾರಿ ಇವತ್ತೂ ಸುತ್ತು ಬಳಸಿಯೇ ಹೋದಳು,
ಒದ್ದೆ ಟವೆಲು ತಲೆಯ ಮೇಲೆ.