ನಾಲ್ಕನೇ ಮನೆಯ ಗೆರೆ

ಹೈಯರ್ ಗ್ರೇಡ್ ಪರೀಕ್ಷೆಗೆ ಹದಿನೆಂಟು ದಿನ ಇತ್ತು.
ಬೈತಖೋಲದ ಇಳಿಜಾರು ಓಣಿಯ ನೆತ್ತಿಯಲ್ಲಿ
ರಟ್ಟು, ಕಾಗದ, ತುಂಡು ಪೆನ್ಸಿಲು ಹಿಡಿದು ಕೂತೆ.
ಓಣಿ ಕಡಲಿಗೆ ಇಳಿಯುತ್ತಿತ್ತು,
ಹಾಗಾಗಿ ನಾನೂ ಎಲ್ಲವನ್ನೂ ಇಳಿಸಿದೆ:
ಹೊಸ್ತಿಲು, ಕಿಟಕಿ, ಹೆಂಚಿನ ಅಂಚು,
ಲುಂಗಿ ಒಣಹಾಕಿದ ಹಗ್ಗ ಸಹ.

ಸಂಜೆ ಅಪ್ಪ, ಗೌಂಡಿ ಧಾಕು ಗುನಗಿ,
ಸಿಮೆಂಟಿನ ಕೈ ತೊಳೆಯದೆ ನೋಡಿದ.
ನಗಲಿಲ್ಲ. ಕೇಳಿದ:
"ಈ ಮನೆಯವರು ದೋಸೆ ಹೇಗೆ ಹೊಯ್ತಾರೆ?
ಹಿಟ್ಟೆಲ್ಲ ಕಾವಲಿಯ ಒಂದೇ ಬದಿಗೆ ಹೋಗ್ತದಲ್ಲ.
ಕೊಡ ಇಟ್ಟರೆ ಉರುಳಿ ಸೀದಾ ಬಂದರಿಗೆ."

ಬೆಳಿಗ್ಗೆ ಆರಕ್ಕೇ ನೀರಿನ ಪೈಪು ತಂದ.
ಒಂದು ತುದಿ ಅವನ ಮಂಡಿಯ ಹತ್ತಿರ,
ಇನ್ನೊಂದು ಹಿಡಿದು ನಾನು ಹಿಂದೆ ಹಿಂದೆ ಇಳಿದೆ.
ಕಾಲಡಿಯ ಓಣಿ ಜಾರಿತು,
ನೀರು ಜಾರಲಿಲ್ಲ.
ಅಲ್ಲಿ ಮಂಡಿಗಿದ್ದದ್ದು ಇಲ್ಲಿ ನನ್ನ ನೆತ್ತಿ ದಾಟಿ
ಕೈ ಎತ್ತಿದಷ್ಟೂ ಮೇಲೆ.
"ಮನೆ ನಿಲ್ಲೋದು ಓಣಿ ಮೇಲಲ್ಲ ಮಗಾ,
ಈ ನೀರಿನ ಮೇಲೆ.
ಓಣಿ ಎಷ್ಟು ತಗ್ಗಿತೋ ಅಷ್ಟು ಚಿರೆಕಲ್ಲು
ನಾವು ಪಾಯಕ್ಕೆ ಕೊಡ್ತೇವೆ."

ಅದಕ್ಕೇ ಒಂದೇ ಮನೆಗೆ
ಮೇಲುಮಗ್ಗುಲಲ್ಲಿ ಒಂದು ಮೆಟ್ಟಿಲು, ಕೆಳಮಗ್ಗುಲಲ್ಲಿ ಏಳು.
ತುಳ್ಸು ಹರಿಕಂತ್ರ ಬಂಗಡೆ ಬುಟ್ಟಿ ಇಳಿಸಿ
ಮೂರನೆಯದರಿಂದಲೇ ಕೂಗುತ್ತಾಳೆ,
ಉಳಿದ ನಾಲ್ಕು ಗಿರಾಕಿಯೇ ಇಳಿಯಬೇಕು.

ದಿಗಂತವೆಂದರೆ ಕಣ್ಣಿನ ಮಟ್ಟ
ಅಂದಿದ್ದರು ಹಳದೀಪುರ ಮಾಸ್ತರರು.
ಬೇರೆ ಊರಿನ ಮಕ್ಕಳು ಅದನ್ನು ಊಹಿಸಿ
ಸ್ಕೇಲಿಟ್ಟು ಎಳೆಯಬೇಕು.
ನಮಗೆ ಎಳೆದೇ ಇಟ್ಟಿದೆ.
ಕೂತರೆ ಕಡಲೂ ಕೂರುತ್ತದೆ,
ಎದ್ದರೆ ನನ್ನ ಜೊತೆಗೇ ಎದ್ದು
ಟ್ರಾಲರಿನ ಕೂವೆಯ ತುದಿ ಮುಟ್ಟುತ್ತದೆ.
ಮೇಲಿನ ಮನೆಯ ಮಾಡು ನನ್ನ ಕಣ್ಣಿಗಿಂತ ಎತ್ತರ,
ಅದರ ಗೆರೆ ಇಳಿದು ನೀರಂಚಿಗೆ ಸೇರಿತು.
ಕೆಳಗಿನ ಮನೆಯ ಹೆಂಚು ಕಣ್ಣಿಗಿಂತ ತಗ್ಗು,
ಅದರದ್ದು ಏರಿ ಬಂತು, ಅದೇ ಚುಕ್ಕಿಗೆ.
ಓಣಿ ಮಾತ್ರ ಆ ಚುಕ್ಕಿಗೆ ಬರಲೊಲ್ಲದು.
ಎರಡೂ ಅಂಚು ಎಳೆಯುತ್ತ ಹೋದರೆ
ಸರಿಯಾಗಿ ಅದರ ಕೆಳಗೆ, ನೀರಿನೊಳಗೆ,
ಯಾರ ಬಲೆಯೂ ಮುಟ್ಟದಲ್ಲಿ ಕೂಡಿದವು.
ಕಾಗದದ ಲೆಕ್ಕದಲ್ಲಿ ಮೂರು ಇಂಚು ಆಳ.

ಎರಡನೇ ಚಿತ್ರವನ್ನು ಅಪ್ಪ ಬಾಗಿಲ ಬೆಳಕಿಗೆ ಒಯ್ದ.
ಒಂದು, ಎರಡು, ಮೂರು, ಬೆರಳು ದಾಟಿತು.
ನಾಲ್ಕಕ್ಕೆ ನಿಂತಿತು.
"ಸೆವ್ರಿನ್ ಬಾಯಿ ಮನೆ ಇಷ್ಟು ನೆಟ್ಟಗಿಲ್ಲ."

ಆ ಮನೆ ಅವನೇ ಕಟ್ಟಿದ್ದು.
ಇದೇ ಪೈಪು ಹಿಡಿದು ಕಟ್ಟಿದ್ದು.
ನೀರು ಸುಳ್ಳು ಹೇಳಿರಲಿಲ್ಲ.
ಹೆದ್ದಾರಿಗೆಂದು ಗುಡ್ಡ ಕಡಿದ ಮೇಲೆ
ಕೆಳಗಿನ ಮಣ್ಣು ಎರಡು ಮಳೆಗಾಲ ನಡೆಯಿತು.
ಈಗ ಅವಳ ಕಪಾಟಿನ ಬಾಗಿಲು ತಾನೇ ತೆರೆಯುತ್ತದೆ,
ಕಾಲಡಿಗೆ ಮಡಿಸಿಟ್ಟ ಹಳೆ ಕ್ಯಾಲೆಂಡರು,
ಜುಲೈ ಅರ್ಧ ಹೊರಗೆ.
ಮೊಮ್ಮಗನ ಗೋಲಿ ಎಲ್ಲಿಂದ ಬಿಟ್ಟರೂ ಪಡುವಣ ಗೋಡೆಗೆ.
ಓಣಿ ಇಳಿಯುವಾಗ ಅಪ್ಪ ಎಡಕ್ಕೆ ನೋಡುವುದಿಲ್ಲ,
ನನಗೆ ಅದು ಹೊಳೆದದ್ದು ಆಗಲೇ.

ರಬ್ಬರು ತಗೊಂಡೆ.
"ನಾಲ್ಕು ಬೆರಳು ಕೂತಿದೆ. ಇಲ್ಲಿ, ಕೆಳಮೂಲೆ.
ಹೆಚ್ಚು ಬೇಡ."
ಮನೆಯ ನಾಲ್ಕು ಬೆರಳು, ಕಾಗದದಲ್ಲಿ ಒಂದು ಎಳ್ಳು.
ಆ ಗೆರೆ ಮನೆಗಳ ಚುಕ್ಕಿಗೂ ಹೋಗಲಿಲ್ಲ,
ಓಣಿಯ ಚುಕ್ಕಿಗೂ ಮುಳುಗಲಿಲ್ಲ.
ನಡುವೆ ಎಲ್ಲೋ, ಒಂಟಿಯಾಗಿ.

ಮಾಸ್ತರರು ಸ್ಕೇಲಿಟ್ಟು ನೋಡಿ
ಕೆಂಪು ಪೆನ್ಸಿಲಿನ ಸುತ್ತು ಹಾಕಿದರು:
"ದಿಗಂತಕ್ಕೆ ಕೂಡುತ್ತಿಲ್ಲ. ಗಮನ ಸಾಲದು."
ಎರಡು ಅಂಕ ಹೋಯಿತು. ನಾನು ಏನೂ ಅನ್ನಲಿಲ್ಲ,
ಮನೆಯಲ್ಲೂ ಹೇಳಲಿಲ್ಲ.
ಆ ಕೆಳಮೂಲೆಯಲ್ಲಿ, ಉಜ್ಜಿದ ಜಾಗದಲ್ಲಿ,
ಅಪ್ಪನ ಬೆರಳಿನ ಸಿಮೆಂಟು ಬೂದಾಗಿ ಹತ್ತಿತ್ತು.
ನೆರಳು ಅಂದುಕೊಂಡಿರಬೇಕು,
ಅದರ ಪಕ್ಕ "ಇದು ಚೆನ್ನಾಗಿದೆ" ಎಂದು ಬರೆದಿದ್ದರು.